ಕಾಡಿನಲ್ಲಿ ಒಬ್ಬನೇ ಉಳಿದ ಹುಡುಗನ ಕಥೆ ನಮ್ಮ ಮಕ್ಕಳಿಗೆ ಯಾಕೆ ಹಿಡಿಸುತ್ತದೆ?

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದಲ್ಲಿದ್ದೇವೆ. ಮಗ ಏಳನೇ ಕ್ಲಾಸು. ಪುಸ್ತಕ ಅಂದರೆ ಮಾರು ದೂರ ಓಡುತ್ತಾನೆ. ಬೆಂಗಳೂರಿನಿಂದ ಬಂದ ಅವನ ಸೋದರಮಾವ ಗ್ಯಾರಿ ಪಾಲ್ಸನ್ ಬರೆದ 'ಹ್ಯಾಚೆಟ್' (ಅಂದರೆ ಕೈಗೊಡಲಿ) ಅನ್ನೋ ಇಂಗ್ಲಿಷ್ ಕಾದಂಬರಿ ಕೊಟ್ಟು ಹೋಗಿದ್ದಾನೆ. ಪ್ರಶಸ್ತಿ ಬಂದ ಸಾಹಸದ ಕಥೆಯಂತೆ. ಆದರೆ ಮೊಬೈಲ್ ಇಲ್ಲದ ಕಾಲದ್ದು, ಅಪ್ಪ ಅಮ್ಮನ ಡೈವೋರ್ಸ್ ವಿಷಯ ಬೇರೆ ಇದೆಯಂತೆ. ಈಗಿನ ಮಕ್ಕಳಿಗೆ ಇದು ಹಿಡಿಸುತ್ತದಾ? ಓದಿ ಇವನೂ ಕತ್ತಿ ಹಿಡಿದು ಕಾಡಿಗೆ ಹೊರಟರೆ ಏನು ಗತಿ? ನಮ್ಮ ಕಡೆ ಆನೆ ಕಾಟ ನಿಮಗೆ ಗೊತ್ತೇ ಇದೆ. ನಾನು ಮೊದಲು ಓದಿ ನೋಡಬೇಕಾ?

ಉತ್ತರ: ಕೊಡಿ, ಹಿಡಿಸುತ್ತದೆ. ಕೊಡಗಿನ ಶಾಲೆಯೊಂದರ ಲೈಬ್ರರಿಯಲ್ಲಿ ಬಹಳ ವರ್ಷ ಮಕ್ಕಳಿಗೆ ಪುಸ್ತಕ ಕೊಟ್ಟು ವಾಪಸ್ ತಗೊಂಡವನು ನಾನು. ಓದುವುದೆಂದರೆ ಆಗದ ಹುಡುಗರು ಕೊನೇ ಪುಟದವರೆಗೆ ಓದಿ ತಂದುಕೊಡುವ ಪುಸ್ತಕಗಳು ಬೆರಳೆಣಿಕೆಯಷ್ಟು. ಅದರಲ್ಲಿ ಇದೊಂದು. ಮೊದಲೇ ಓದುವ ಹುಚ್ಚಿರುವ ಮಕ್ಕಳಿಗಿಂತ ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುವವರಿಗೆ ಇದು ಜಾಸ್ತಿ ನಾಟುತ್ತದೆ. ಯಾಕೆ ಅಂತ ಹೇಳಬೇಕಾದರೆ ಕಥೆಯನ್ನು ಕೊನೆವರೆಗೂ ಹೇಳಬೇಕಾಗುತ್ತದೆ. ನಿಮಗೆ ಗೊತ್ತಿರಲಿ ಅಂತ ಹೇಳುತ್ತೇನೆ, ಈ ಉತ್ತರವನ್ನು ಮಗನ ಕೈಗೆ ಮಾತ್ರ ಕೊಡಬೇಡಿ.

ಬ್ರಯನ್ ರೋಬ್ಸನ್ ಅಂತ 13 ವರ್ಷದ ಹುಡುಗ. ಅಪ್ಪ ಅಮ್ಮ ಬೇರೆಯಾಗಿ ಹೆಚ್ಚು ದಿನ ಆಗಿಲ್ಲ. ಅಪ್ಪ ಕೆನಡಾದ ಉತ್ತರದ ತೈಲ ಬಾವಿಗಳ ಕಡೆ ಕೆಲಸದಲ್ಲಿದ್ದಾನೆ. ಬೇಸಿಗೆ ರಜೆಗೆ ಅಪ್ಪನ ಹತ್ತಿರ ಹೋಗಲು ಹುಡುಗ ಒಂದು ಚಿಕ್ಕ ವಿಮಾನ ಹತ್ತುತ್ತಾನೆ. ಒಳಗಿರುವುದು ಪೈಲಟ್ ಮತ್ತು ಇವನು, ಅಷ್ಟೇ. ಹೊರಡುವ ಮೊದಲು ಅಮ್ಮ ಒಂದು ಸಣ್ಣ ಕೈಗೊಡಲಿ ಉಡುಗೊರೆ ಕೊಟ್ಟಿರುತ್ತಾಳೆ, ಅಮ್ಮನಿಗೆ ಬೇಜಾರಾಗಬಾರದು ಅಂತ ಅವನು ಅದನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡಿರುತ್ತಾನೆ. ದಾರಿಯಲ್ಲಿ ಪೈಲಟ್‌ಗೆ ಹೃದಯಾಘಾತ ಆಗುತ್ತದೆ. ಕೆಳಗೆ ಕಾಡು, ಕೆರೆ, ಮತ್ತೆ ಕಾಡು. ಇಂಧನ ಮುಗಿಯುವವರೆಗೆ ಹುಡುಗ ಹೇಗೋ ವಿಮಾನ ಹಿಡಿದಿದ್ದು, ಕಡೆಗೆ ಒಂದು ಕೆರೆಗೆ ಬೀಳಿಸಿ ಈಜಿ ದಡ ಸೇರುತ್ತಾನೆ. ಅಲ್ಲಿಂದ 54 ದಿನ ಅವನು ಒಬ್ಬನೇ. ಕೈಲಿರುವುದು ಆ ಕೈಗೊಡಲಿ ಮಾತ್ರ.

ಇಷ್ಟು ಕೇಳಿದರೆ ಸಿನಿಮಾ ಥರ ಅನಿಸುತ್ತದೆ, ಅಲ್ವಾ? ಆದರೆ ವಿಮಾನ ಬೀಳುವುದು ಮೊದಲ ಕೆಲವು ಅಧ್ಯಾಯಗಳಲ್ಲೇ ಮುಗಿದುಹೋಗುತ್ತದೆ. ಉಳಿದ ಪುಸ್ತಕದಲ್ಲಿ ಖಳನಾಯಕ ಇಲ್ಲ, ನಿಧಿ ಇಲ್ಲ, ಓಡಿಸಿಕೊಂಡು ಬರುವವರು ಯಾರೂ ಇಲ್ಲ. ಇರುವುದು ಬರೀ ಕೆಲಸ. ಸೂರು ಹುಡುಕುವುದು, ಬೆಂಕಿ ಹೊತ್ತಿಸುವುದು, ಹೊಟ್ಟೆಗೆ ಏನಾದರೂ ಸಿಗುವ ದಾರಿ ಮಾಡುವುದು. ನನ್ನ ಪ್ರಕಾರ ಈ ಕಾದಂಬರಿ ಇಷ್ಟು ವರ್ಷ ಬಾಳಿರುವುದಕ್ಕೆ ಕಾರಣ ಇದೇ. ಒಂದು ಮಗು ನಿಜವಾದ ಕೆಲಸವನ್ನು ಮೊದಲಿಂದ ಕೊನೆವರೆಗೆ ತಾನೇ ಮಾಡುವುದನ್ನು, ಕೆಡಿಸುವುದನ್ನು, ಮತ್ತೆ ಮಾಡುವುದನ್ನು ಈ ಪುಸ್ತಕ ಅವಸರವಿಲ್ಲದೆ ತೋರಿಸುತ್ತದೆ. ನಮ್ಮ ಮಕ್ಕಳಿಗೆ ಈಗ ಅಂಥ ಕೆಲಸ ಯಾರು ಕೊಡುತ್ತಾರೆ ಹೇಳಿ? ಹೋಂವರ್ಕ್ ಕೊಡುತ್ತೇವೆ, ಟ್ಯೂಷನ್‌ಗೆ ಬಿಡುತ್ತೇವೆ. ಬಚ್ಚಲು ಮನೆಯ ಹಂಡೆ ಒಲೆಗೆ ಸೌದೆ ತುಂಬುವುದಕ್ಕೂ ಬಿಡುವುದಿಲ್ಲ.

ಬೆಂಕಿಯ ಭಾಗವನ್ನೇ ತಗೊಳ್ಳಿ. ರಾತ್ರಿ ಬಂಡೆಯಡಿಯ ಗೂಡಿನಲ್ಲಿ ಹುಡುಗ ಮಲಗಿರುವಾಗ ಒಂದು ಮುಳ್ಳುಹಂದಿ ನುಗ್ಗುತ್ತದೆ. ಅದು ಏನು ಅಂತ ಕತ್ತಲಲ್ಲಿ ಅವನಿಗೆ ಗೊತ್ತಾಗುವುದಿಲ್ಲ. ಗಾಬರಿಯಲ್ಲಿ ಕೈಗೊಡಲಿ ಬೀಸಿ ಎಸೆಯುತ್ತಾನೆ. ಅದು ಗುರಿ ತಪ್ಪಿ ಕಲ್ಲಿನ ಗೋಡೆಗೆ ಬಡಿದು ಕಿಡಿಗಳ ಮಳೆ ಸುರಿಸುತ್ತದೆ. ಆಗ ಅವನಿಗೆ ಅದು ಹೊಳೆಯುವುದೇ ಇಲ್ಲ! ಕಾಲಿಗೆ ಚುಚ್ಚಿದ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು, ಅತ್ತು, ಮಲಗಿ, ಕನಸು ಕಂಡು, ಬೆಳಿಗ್ಗೆ ಎದ್ದ ಮೇಲೆ ಆ ಕಿಡಿ ನೆನಪಾಗುತ್ತದೆ. ಸರಿ, ಕಲ್ಲಿಗೆ ಕೊಡಲಿ ಬಡಿಯುತ್ತಾನೆ. ಕಿಡಿ ಬರುತ್ತದೆ, ಹೊತ್ತುವುದಿಲ್ಲ. ಒಣ ಹುಲ್ಲು ಇಡುತ್ತಾನೆ, ಹೊತ್ತುವುದಿಲ್ಲ. ಕಡ್ಡಿ ಪುಡಿ ಮಾಡಿ ಇಡುತ್ತಾನೆ, ಊಹೂಂ. ಜೇಬಿನಲ್ಲಿದ್ದ 20 ಡಾಲರ್ ನೋಟನ್ನು ಹರಿದು ಚೂರು ಮಾಡಿ ಇಡುತ್ತಾನೆ, ಅದಕ್ಕೂ ಹತ್ತುವುದಿಲ್ಲ. (ಈ ಜಾಗದಲ್ಲಿ ಮಕ್ಕಳು ಯಾವಾಗಲೂ ನಗುತ್ತಾರೆ.) ಆಮೇಲೆ ಬರ್ಚ್ ಮರದ ತೊಗಟೆ ಸಿಪ್ಪೆ ಸಿಪ್ಪೆಯಾಗಿ ಏಳುವುದನ್ನು ನೋಡುತ್ತಾನೆ, ಅದನ್ನು ಕೂದಲಿನಷ್ಟು ತೆಳ್ಳಗೆ ಸೀಳಿ ಸೀಳಿ ಒಂದು ಗೂಡು ಮಾಡುತ್ತಾನೆ. ಕಿಡಿ ಬಿದ್ದು, ಕೆಂಪಗಾಗಿ, ಆರಿಹೋಗುತ್ತದೆ. ಇನ್ನೇನು ಬೇಕು, ಏನು ಬಿಟ್ಟುಹೋಗಿದೆ ಅಂತ ಕೂತು ಯೋಚನೆ ಮಾಡುತ್ತಾನೆ. ಶಾಲೆಯಲ್ಲಿ ಕಲಿತದ್ದು ತಲೆಗೆ ಬರುತ್ತದೆ: ಬೆಂಕಿಗೆ ಗಾಳಿ ಬೇಕು. ಊದುತ್ತಾನೆ.

ಜೋರು ಮಳೆಯ ಒಂದು ಮಧ್ಯಾಹ್ನ, ಕರೆಂಟ್ ಹೋಗಿ ಆಟದ ಪೀರಿಯಡ್ ರದ್ದಾಗಿದ್ದಾಗ, ಈ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿದ್ದೆ. ಪುಸ್ತಕದ ಹುಡುಗನಿಗಿಂತ ಮೊದಲೇ ಹಿಂದಿನಿಂದ ಒಬ್ಬ "ಊದೋ, ಊದೋ!" ಅಂತ ಕೂಗಿದ. ಅವನ ಮನೆಯಲ್ಲಿ ಇನ್ನೂ ಸೌದೆ ಒಲೆ ಇತ್ತು. ಪಕ್ಕದ ಹುಡುಗಿ ಮಾತ್ರ ಒಪ್ಪಲಿಲ್ಲ, "ಜೋರಾಗಿ ಊದಿದರೆ ಕಿಡಿ ಹಾರಿಹೋಗುತ್ತೆ, ಮೆಲ್ಲಗೆ ಊದಬೇಕು" ಅಂದಳು. ಇಬ್ಬರೂ ಪಾಠದ ಹೊತ್ತಿನಲ್ಲಿ ಬಾಯಿ ಬಿಡದವರು. ಅವತ್ತು ಕ್ಲಾಸಿನಲ್ಲಿ ಜಾಸ್ತಿ ಗೊತ್ತಿದ್ದವರು ಅವರೇ ಆಗಿದ್ದರು, ಪಟ್ಟಣದ ಮಕ್ಕಳೆಲ್ಲ ಅವರನ್ನೇ ಕೇಳುತ್ತಿದ್ದರು.

ಒಂದು ಸಣ್ಣ ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಈ ಅಧ್ಯಾಯ ಓದಿದ ಮಕ್ಕಳಲ್ಲಿ ಬಹಳ ಜನ ಮನೆ ಕತ್ತಿ ತಗೊಂಡು ಕಲ್ಲಿಗೆ ಬಡಿದು ನೋಡುತ್ತಾರೆ. ಬೆಣಚು ಕಲ್ಲಾದರೆ ಕಿಡಿ ಬರುತ್ತದೆ, ಯಾಕೆಂದರೆ ಗಟ್ಟಿ ಕಲ್ಲು ಉಕ್ಕಿನಿಂದ ಸಣ್ಣ ಚೂರು ಕೀಳುತ್ತದೆ, ಆ ಚೂರು ಉಜ್ಜಿದ ಬಿಸಿಗೆ ಗಾಳಿಯಲ್ಲೇ ಉರಿಯುತ್ತದೆ. ಕಿಡಿ ಅಂದರೆ ಉರಿಯುವ ಉಕ್ಕು, ಕಲ್ಲಲ್ಲ. ಅಂದರೆ ಬಡಿದಷ್ಟೂ ಕತ್ತಿ ಸವೆಯುತ್ತದೆ, ಬಾಯಿ ಹಾಳಾಗುತ್ತದೆ. ಕೆಲಸದ ಕತ್ತಿ ಒಳಗಿಡಿ. ಹಳೇದೊಂದು ಕೊಡಿ, ಕಣ್ಣಿಗೆ ಕನ್ನಡಕ ಹಾಕಿಸಿ, ಪಕ್ಕದಲ್ಲಿ ದೊಡ್ಡವರು ಯಾರಾದರೂ ನಿಂತಿರಲಿ.

ಊಟದ ವಿಷಯಕ್ಕೆ ಬಂದರೆ ಈ ಪುಸ್ತಕ ಇನ್ನೂ ಪ್ರಾಮಾಣಿಕ. ಸಾಹಸದ ಕಥೆಗಳಲ್ಲಿ ಸಾಮಾನ್ಯವಾಗಿ ಹಸಿವು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಇಲ್ಲಿ ಹಾಗಲ್ಲ, ಪುಟ ಪುಟದಲ್ಲೂ ಹಸಿವು ಇದೆ. ಮೊದಲು ಸಿಕ್ಕ ಕೆಂಪು ಹಣ್ಣನ್ನು ಬೀಜ ಸಮೇತ ಗಬಗಬ ತಿಂದು ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಾನೆ. ಆಮೆ ಮರಳಿನಲ್ಲಿ ಇಟ್ಟ ಮೊಟ್ಟೆ ಅಗೆದು, ಒಡೆದು, ಹಸಿಯಾಗಿ ನುಂಗುತ್ತಾನೆ. ಮೊದಲನೇದು ಗಂಟಲಲ್ಲಿ ಇಳಿಯುವುದೇ ಇಲ್ಲ. ಲೇಖಕ ಪಾಲ್ಸನ್ ಇದನ್ನು ಬರೆಯುವುದಕ್ಕೆ ತಾನೂ ಹಸಿ ಆಮೆ ಮೊಟ್ಟೆ ತಿನ್ನಲು ನೋಡಿದ್ದನಂತೆ, ಹೊಟ್ಟೆಯಲ್ಲಿ ನಿಲ್ಲಲಿಲ್ಲ ಅಂತ ಆಮೇಲೆ ಬರೆದುಕೊಂಡಿದ್ದಾನೆ. ಕೊಡಲಿಯಿಂದ ಕಲ್ಲಿಗೆ ಹೊಡೆದು ಬೆಂಕಿ ಮಾಡುವುದನ್ನೂ ತಾನೇ ಮಾಡಿ ನೋಡಿದವನು. ಮಕ್ಕಳಿಗೆ ಇದು ಯಾರೂ ಹೇಳದೆ ಗೊತ್ತಾಗುತ್ತದೆ. ಬರೆದವನಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಅನ್ನುವುದರಲ್ಲಿ ಅವರನ್ನು ಮೋಸ ಮಾಡುವುದು ಕಷ್ಟ. ಮಳೆಗಾಲದಲ್ಲಿ ಗದ್ದೆ ಬದಿಯಲ್ಲಿ ಏಡಿ ಹಿಡಿದ, ಅಜ್ಜಿಯ ಜೊತೆ ಕಣಿಲೆ (ಎಳೆ ಬಿದಿರು), ಅಣಬೆ ತರಲು ಹೋದ ಮಕ್ಕಳಿಗಂತೂ ಇನ್ನೂ ಬೇಗ ಗೊತ್ತಾಗುತ್ತದೆ. ಯಾವ ಅಣಬೆ ತಿನ್ನಬಹುದು, ಯಾವುದು ಮುಟ್ಟಬಾರದು ಅನ್ನುವುದು ಅಜ್ಜಿಯರಿಗೆ ಗೊತ್ತಿರುತ್ತದಲ್ಲ, ಆ ಹುಡುಗನ ಕಷ್ಟ ಏನೆಂದರೆ ಅವನ ಪಕ್ಕದಲ್ಲಿ ಅಂಥ ಅಜ್ಜಿ ಇಲ್ಲ. ಎಲ್ಲವನ್ನೂ ಹೊಟ್ಟೆಯಿಂದಲೇ ಕಲಿಯಬೇಕು.

ಮೀನು ಹಿಡಿಯುವಾಗಲೂ ಹಾಗೇ. ಈಟಿ ಮಾಡುತ್ತಾನೆ, ಎಷ್ಟು ಚುಚ್ಚಿದರೂ ಮೀನು ಸಿಗುವುದಿಲ್ಲ. ಬಿಲ್ಲು ಮಾಡಲು ಹೋದರೆ ಅದು ಮುಖದೆದುರೇ ಸಿಡಿದು ಮುರಿಯುತ್ತದೆ. ಮತ್ತೊಂದು ಮಾಡಿದರೂ ಬಾಣ ತಪ್ಪುತ್ತಲೇ ಇರುತ್ತದೆ. ಕಡೆಗೆ ಗೊತ್ತಾಗುತ್ತದೆ, ನೀರು ಬೆಳಕನ್ನು ಬಾಗಿಸುತ್ತದೆ, ಮೀನು ಕಾಣುವ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಕೆಳಗೆ ಗುರಿ ಇಡಬೇಕು. ವಿಜ್ಞಾನದ ಪುಸ್ತಕದಲ್ಲಿ 'ಬೆಳಕಿನ ವಕ್ರೀಭವನ' ಅಂತ ಉರು ಹೊಡೆದದ್ದು ಇಲ್ಲಿ ಒಂದು ಹೊತ್ತಿನ ಊಟ. ನಿಮ್ಮ ತೋಟದ ತೋಡಿನಲ್ಲಿ ಒಂದು ಕೋಲು ಇಳಿಸಿ ತೋರಿಸಿ, ಸಾಕು.

ನನಗೆ ತುಂಬಾ ಇಷ್ಟವಾದ ಭಾಗ ಬೇರೆ. ಆ ಕಾಡಿನಲ್ಲಿ ಕಾಡುಕೋಳಿ ಥರದ ಒಂದು ಹಕ್ಕಿ ಇದೆ, ಕಾಲಡಿಗೆ ಬರುವವರೆಗೂ ಅಲ್ಲಾಡದೆ ಕೂತಿದ್ದು ಆಮೇಲೆ ಭರ್ರನೆ ಹಾರುತ್ತದೆ. ಹುಡುಗ ದಿನಗಟ್ಟಲೆ ಹುಡುಕಿದರೂ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ. ಅವನು ಹುಡುಕುತ್ತಿದ್ದದ್ದು ಗರಿ ಮತ್ತು ಬಣ್ಣವನ್ನು. ಒಂದು ದಿನ ಬಣ್ಣ ಬಿಟ್ಟು ಆಕಾರ ನೋಡಲು ಶುರು ಮಾಡುತ್ತಾನೆ, ಪೇರ್ ಹಣ್ಣಿನ ಥರ ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ. ಅಷ್ಟೇ, ಎಲ್ಲಿ ನೋಡಿದರೂ ಹಕ್ಕಿಗಳೇ ಕಾಣುತ್ತವೆ. ಮೊದಲೂ ಅವು ಅಲ್ಲೇ ಇದ್ದವು. ನಿಮ್ಮ ಕಡೆ ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ, ಬೆಳಿಗ್ಗೆ ಮಂಜಿನಲ್ಲಿ ರೊಬಸ್ಟಾ ಗಿಡಗಳ ನಡುವೆ ನಿಂತ ಆನೆಯನ್ನು ಯಾರೂ ಪೂರ್ತಿಯಾಗಿ ಕಾಣುವುದಿಲ್ಲ. ಗಿಡದ ಸಾಲಿನಲ್ಲಿ ಇರಬಾರದ ಕಡೆ ಒಂದು ದುಂಡನೆಯ ಬೆನ್ನು, ಎಲೆ ಅಲ್ಲಾಡದ ಜಾಗದಲ್ಲಿ ಒಂದು ಕಿವಿ ಅಲ್ಲಾಡಿದ್ದು, ಅದನ್ನು ಕಂಡವರು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಬಣ್ಣ ಹುಡುಕಿಕೊಂಡು ಹೋದವರಿಗೆ ಹತ್ತಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಈ ಜಾಗ ಓದಿದಾಗ ನಮ್ಮ ಮಕ್ಕಳು "ಹೌದು ಸರ್" ಅಂತ ತಲೆ ಆಡಿಸುತ್ತಾರೆ. ಕೆನಡಾದ ಕಾಡು ಒಂದು ಕ್ಷಣಕ್ಕೆ ಸಿದ್ದಾಪುರದ ಪಕ್ಕಕ್ಕೆ ಬಂದುಬಿಡುತ್ತದೆ.

ಪ್ರಶಸ್ತಿಯ ವಿಷಯ. ಇದಕ್ಕೆ ಬಂದದ್ದು 1988ರ ನ್ಯೂಬೆರಿ ಆನರ್. ಅಮೆರಿಕದ ಲೈಬ್ರರಿಯನ್ನರ ಸಂಘ 1922ರಿಂದ ಮಕ್ಕಳ ಸಾಹಿತ್ಯಕ್ಕೆ ಕೊಡುತ್ತಿರುವ ಪ್ರಶಸ್ತಿ ಇದು. ಪ್ರತಿ ವರ್ಷ ಒಂದು ಪುಸ್ತಕಕ್ಕೆ ಮೆಡಲ್, ಕೆಲವಕ್ಕೆ ಆನರ್. ಅಂದರೆ ಹ್ಯಾಚೆಟ್‌ಗೆ ಸಿಕ್ಕಿದ್ದು ಎರಡನೇ ಸಾಲಿನ ಗೌರವ. ಆ ವರ್ಷದ ಮೆಡಲ್ ಅಬ್ರಹಾಂ ಲಿಂಕನ್ ಬಗ್ಗೆ ಫೋಟೊಗಳ ಸಮೇತ ಬಂದ ಒಂದು ಜೀವನಚರಿತ್ರೆಗೆ ಹೋಯಿತು. ಅದೂ ಒಳ್ಳೇ ಪುಸ್ತಕವೇ. ಆದರೆ ನನ್ನ ಲೈಬ್ರರಿಯಲ್ಲಿ ಬೈಂಡ್ ಕಿತ್ತುಹೋಗಿ ಮತ್ತೆ ಮತ್ತೆ ಅಂಟಿಸಿಕೊಂಡದ್ದು ಇದು. ಪ್ರಶಸ್ತಿಯ ಮುದ್ರೆ ದೊಡ್ಡವರು ಕೊಳ್ಳುವುದಕ್ಕೆ ಸಹಾಯ ಮಾಡುತ್ತದೆ, ಮಕ್ಕಳು ಓದುವುದಕ್ಕೆ ಅಲ್ಲ. ಹಾಗಾಗಿ ಮಗನಿಗೆ "ಪ್ರಶಸ್ತಿ ಬಂದ ಪುಸ್ತಕ ಕಣೋ" ಅಂತ ಹೇಳಿ ಕೊಡಬೇಡಿ, ಅಲ್ಲಿಗೆ ಅದು ಪಾಠವಾಗಿಬಿಡುತ್ತದೆ. "ಪೈಲಟ್ ಸತ್ತುಹೋಗ್ತಾನಂತೆ, ಒಳಗೆ ಒಬ್ಬ ಹುಡುಗ ಮಾತ್ರ ಇರ್ತಾನಂತೆ" ಅಂತ ಹೇಳಿ ಸುಮ್ನೆ ಮೇಜಿನ ಮೇಲೆ ಇಟ್ಟುಬಿಡಿ.

ಬರೆದವನ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಪುಸ್ತಕ ಇನ್ನಷ್ಟು ಅರ್ಥವಾಗುತ್ತದೆ. ಗ್ಯಾರಿ ಪಾಲ್ಸನ್ 1939ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಇಬ್ಬರೂ ಕುಡಿತಕ್ಕೆ ಬಿದ್ದವರು. ಮನೆಯಲ್ಲಿ ಇರಲಾರದೆ ಕಾಡು, ಹೊಳೆ ಅಂತ ಅಲೆದ ಹುಡುಗ. ಒಂದು ಚಳಿಯ ರಾತ್ರಿ ಮೈ ಬೆಚ್ಚಗಾಗಲಿ ಅಂತ ಲೈಬ್ರರಿಯೊಳಗೆ ಹೊಕ್ಕ, ಅಲ್ಲಿದ್ದ ಲೈಬ್ರರಿಯನ್ ಹೆಂಗಸು ಅವನಿಗೊಂದು ಕಾರ್ಡ್ ಮಾಡಿಕೊಟ್ಟು ಪುಸ್ತಕ ಕೊಟ್ಟಳು. ಅಲ್ಲಿಂದ ತನ್ನ ಬದುಕು ತಿರುಗಿತು ಅಂತ ಅವನು ಕೊನೆವರೆಗೂ ಹೇಳುತ್ತಿದ್ದ. (ನನ್ನ ವೃತ್ತಿಯವರಿಗೆ ಈ ಕಥೆ ಹೇಳುವುದೆಂದರೆ ಬಹಳ ಪ್ರೀತಿ, ಕ್ಷಮಿಸಿ.) ಮುಂದೆ ಅಲಾಸ್ಕಾದಲ್ಲಿ ನಾಯಿಗಳು ಎಳೆಯುವ ಬಂಡಿಯ ಇಡಿಟರೋಡ್ ರೇಸಿನಲ್ಲಿ ಓಡಿದ. ಆಂಬುಲೆನ್ಸ್ ಜೊತೆ ಸ್ವಯಂಸೇವಕನಾಗಿ ಹೋಗುತ್ತಿದ್ದಾಗ ಹೃದಯಾಘಾತ ಆದವರನ್ನು ಹತ್ತಿರದಿಂದ ಕಂಡ. ವಿಮಾನದಲ್ಲಿ ಪೈಲಟ್ ಮೊದಲು ಭುಜ ಉಜ್ಜಿಕೊಳ್ಳುವುದು, ಆಮೇಲೆ ಕೈ, ಹೊಟ್ಟೆಯ ತೊಳಸು, ಅದನ್ನು ನೋಡಿ ಏನು ಎಂದು ಅರ್ಥವಾಗದ ಹುಡುಗ, ಇದೆಲ್ಲ ಅಷ್ಟು ನಿಜವಾಗಿ ಬಂದಿರುವುದು ಅದಕ್ಕೇ. 200ಕ್ಕೂ ಹೆಚ್ಚು ಪುಸ್ತಕ ಬರೆದು 2021ರ ಅಕ್ಟೋಬರಿನಲ್ಲಿ ತೀರಿಕೊಂಡ. ನ್ಯೂಬೆರಿ ಆನರ್ ಅವನಿಗೆ ಒಟ್ಟು ಮೂರು ಸಲ ಬಂದಿದೆ. ಆದರೂ ಜನ ನೆನಪಿಡುವುದು ಈ ಒಂದನ್ನೇ.

ಮೊಬೈಲ್ ಇಲ್ಲದ ಕಾಲದ್ದು ಅಂದಿರಿ. ಅದು ಈ ಕಥೆಗೆ ತೊಂದರೆಯೇ ಅಲ್ಲ. ಜೋರು ಮಳೆಯ ಕಕ್ಕಡ ಮಾಸದಲ್ಲಿ ನಿಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎಷ್ಟು ದಿನಕ್ಕೆ ಬರುತ್ತದೆ? ಟವರಿನ ಡೀಸೆಲ್ ಮುಗಿದರೆ ಫೋನಿನ ಕಥೆಯೂ ಮುಗಿಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮಕ್ಕಂದೂರು, ಜೋಡುಪಾಲ ಕಡೆ ರಸ್ತೆಯೇ ಇಲ್ಲದಂತಾದದ್ದನ್ನು ಕೊಡಗಿನ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ, ಪ್ರತಿ ಮನೆಯಲ್ಲೂ ಅದರದ್ದೊಂದು ಮಾತು ಇದೆ. ಯಾರಿಗೂ ಸುದ್ದಿ ಮುಟ್ಟಿಸಲಾಗದೆ ಕೂರುವುದು ಅಂದರೇನು ಅಂತ ಬೆಂಗಳೂರಿನ ಮಗುವಿಗಿಂತ ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತು. ಇನ್ನೊಂದು ವಿಷಯ, ಪುಸ್ತಕದಲ್ಲೂ ಹುಡುಗ ಪಾರಾಗುವುದು ಒಂದು ಯಂತ್ರದಿಂದಲೇ. ಬಿರುಗಾಳಿ ಬಂದು ಕೆರೆಯಲ್ಲಿ ಮುಳುಗಿದ್ದ ವಿಮಾನದ ಬಾಲ ಮೇಲೆ ಬರುತ್ತದೆ, ಅವನು ತೆಪ್ಪ ಕಟ್ಟಿಕೊಂಡು ಹೋಗಿ ಅದನ್ನು ಕೊಡಲಿಯಿಂದ ಕೊಚ್ಚಿ ತುರ್ತು ಚೀಲ ಹೊರಗೆ ತೆಗೆಯುತ್ತಾನೆ. ಅದರಲ್ಲಿ ಒಂದು ಟ್ರಾನ್ಸ್‌ಮಿಟರ್. ಸ್ವಿಚ್ ಒತ್ತುತ್ತಾನೆ, ಏನೂ ಆದಂತೆ ಕಾಣುವುದಿಲ್ಲ, ಕೆಟ್ಟಿದೆ ಅಂದುಕೊಂಡು ಪಕ್ಕಕ್ಕಿಟ್ಟು ಅಡುಗೆಗೆ ಕೂರುತ್ತಾನೆ. ಅದು ಕೆಟ್ಟಿರುವುದಿಲ್ಲ. ಮೇಲೆ ಹಾರುತ್ತಿದ್ದ ತುಪ್ಪಳದ ವ್ಯಾಪಾರಿಯ ವಿಮಾನ ಸಿಗ್ನಲ್ ಹಿಡಿದು ಇಳಿಯುತ್ತದೆ. ಪಾರಾಗುವ ಹೊತ್ತಿಗೆ ಅವನು ಪಾರಾಗುವುದರ ಬಗ್ಗೆ ಯೋಚಿಸುತ್ತಲೇ ಇರುವುದಿಲ್ಲ, ಬಂದ ಪೈಲಟ್‌ಗೆ ತಿನ್ನಲು ಏನಾದರೂ ಬೇಕಾ ಅಂತ ಕೇಳುತ್ತಾನೆ. ಕೊಡಗಿನ ಮನೆಗಳ ಮಕ್ಕಳಿಗೆ ಈ ಉಪಚಾರ ಬಹಳ ಹಿಡಿಸುತ್ತದೆ.

ಈಗ ನೀವು ಕೇಳಿದ ಕಷ್ಟದ ಭಾಗಕ್ಕೆ ಬರುತ್ತೇನೆ. ಡೈವೋರ್ಸ್ ಇದೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಅಮ್ಮ ಬೇರೆ ಗಂಡಸಿನ ಜೊತೆ ಇದ್ದದ್ದನ್ನು ಹುಡುಗ ಕಂಡಿರುತ್ತಾನೆ, ಅಪ್ಪನಿಗೆ ಹೇಳಿರುವುದಿಲ್ಲ. ಆ ಗುಟ್ಟು ಅವನ ಜೊತೆ ಕಾಡಿಗೂ ಬರುತ್ತದೆ. ಪುಸ್ತಕ ಇದನ್ನು ಬಣ್ಣ ಕಟ್ಟಿ ಹೇಳುವುದಿಲ್ಲ, ಅಶ್ಲೀಲವೂ ಇಲ್ಲ. ಮನೆಯಲ್ಲಿ ಮಾತಾಡದ ವಿಷಯ ಮಗುವಿನ ತಲೆಯಲ್ಲಿ ಹೇಗೆ ಸುತ್ತುತ್ತಿರುತ್ತದೆ ಅಂತ ತೋರಿಸುತ್ತದೆ. ಬೆಂಕಿ, ಮೀನು ಅಂತ ಕೆಲಸ ಶುರುವಾದ ಮೇಲೆ ಅದು ಮೆಲ್ಲಗೆ ಹಿಂದೆ ಸರಿಯುತ್ತದೆ. ಕೊನೆಗೂ ಅವನು ಅಪ್ಪನಿಗೆ ಹೇಳುವುದಿಲ್ಲ. ಕೆಲವು ಮಕ್ಕಳಿಗೆ ಇದರಿಂದ ಸಿಟ್ಟು ಬರುತ್ತದೆ, ಕೆಲವರಿಗೆ ಸಮಾಧಾನ ಆಗುತ್ತದೆ. ನಿಮ್ಮ ಪೈಕಿ, ನೆರೆಹೊರೆಯಲ್ಲಿ ಇಂಥ ಮನೆಗಳು ಇದ್ದೇ ಇರುತ್ತವೆ. ಮಕ್ಕಳಿಗೆ ಅದು ನಮಗಿಂತ ಮೊದಲೇ ಗೊತ್ತಿರುತ್ತದೆ.

ನಾನು ನಿಜವಾಗಿ ಎಚ್ಚರಿಸಬೇಕಾದದ್ದು ಇನ್ನೊಂದು ಜಾಗ. ಮೊದಲ ದಿನಗಳಲ್ಲೇ ಒಂದು ಹುಡುಕುವ ವಿಮಾನ ತಲೆ ಮೇಲೆ ಬಂದು ಇವನನ್ನು ಕಾಣದೆ ತಿರುಗಿ ಹೋಗುತ್ತದೆ. ಆ ನಿರಾಸೆಯಲ್ಲಿ ಹುಡುಗ ಒಂದು ರಾತ್ರಿ ತನ್ನ ಜೀವ ತೆಗೆದುಕೊಳ್ಳಲು ಹೋಗಿದ್ದ ಅಂತ ಕಾದಂಬರಿ ಹೇಳುತ್ತದೆ. ಕೆಲವೇ ಸಾಲು, ವಿವರ ಇಲ್ಲ, ಅದೂ ಆಗಿಹೋದ ಮಾತಾಗಿ. ಬೆಳಗಾದಾಗ ತಾನು ಬದುಕಿರುವುದನ್ನು ಕಂಡು ಅವನು ಬೇರೆಯೇ ಹುಡುಗನಾಗುತ್ತಾನೆ, ಇನ್ನು ಸಾಯುವುದಿಲ್ಲ ಅಂತ ಗಟ್ಟಿ ಮಾಡಿಕೊಳ್ಳುತ್ತಾನೆ. ಅಳುತ್ತಾ ತನ್ನ ಮೇಲೆ ತಾನೇ ಮರುಕಪಟ್ಟುಕೊಂಡರೆ ಏನೂ ನಡೆಯುವುದಿಲ್ಲ ಅಂತ ಅದಕ್ಕೂ ಮೊದಲು, ಮುಳ್ಳುಹಂದಿಯ ರಾತ್ರಿಯೇ ಅವನಿಗೆ ಗೊತ್ತಾಗಿರುತ್ತದೆ. ಮರೆತದ್ದನ್ನು ಮತ್ತೆ ಕಲಿತಂತೆ ಇದು. ಹನ್ನೆರಡು ವರ್ಷದ ಬಹಳಷ್ಟು ಮಕ್ಕಳು ಈ ಸಾಲುಗಳನ್ನು ದಾಟಿ ಮುಂದೆ ಹೋಗುತ್ತಾರೆ. ಆದರೆ ನಿಮ್ಮ ಮನೆಯಲ್ಲೋ ಹತ್ತಿರದವರಲ್ಲೋ ಇಂಥ ಸಾವು ಆಗಿದ್ದರೆ, ಅಥವಾ ಮಗ ಈಚೆಗೆ ಮಂಕಾಗಿದ್ದರೆ, ಆ ಭಾಗವನ್ನು ಅವನೊಬ್ಬನಿಗೆ ಬಿಡಬೇಡಿ. ಪಕ್ಕದಲ್ಲಿ ಕೂತು ಓದಿ, ಏನನಿಸಿತು ಅಂತ ನೇರವಾಗಿ ಕೇಳಿ. ಕೇಳುವುದರಿಂದ ತಲೆಗೆ ಇಲ್ಲದ ಯೋಚನೆ ತುಂಬಿದಂತೆ ಆಗುವುದಿಲ್ಲ. ಸತ್ತ ಪೈಲಟ್‌ನ ಮುಖ ನೀರಿನಡಿ ಕಾಣುವ ಇನ್ನೊಂದು ದೃಶ್ಯವಿದೆ. ಅದು ಭಯ ಹುಟ್ಟಿಸುತ್ತದೆ, ಆದರೆ ಮಕ್ಕಳು ಅದನ್ನು ತಡೆದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ತಡೆದುಕೊಳ್ಳಲಾರದವರು ಅಪ್ಪ ಅಮ್ಮಂದಿರು.

ಕೋವಿಯ ಮಾತೂ ಬರುತ್ತದೆ. ಇದು ಕೊಡಗಿನ ಓದುಗರಿಗೆ ಬೇರೆ ರೀತಿ ಮುಟ್ಟುವ ಜಾಗ. ಲೈಸೆನ್ಸ್ ಬೇಕಿಲ್ಲದ ಕೋವಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಇದೆ, ಆಯುಧ ಪೂಜೆಯ ಹಬ್ಬವಾದ ಕೈಲ್ ಪೋಳ್ದ್ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ತುರ್ತು ಚೀಲದಲ್ಲಿ ಬ್ರಯನ್‌ಗೆ ಒಂದು ರೈಫಲ್ ಸಿಗುತ್ತದೆ. ಬೇರೆ ಕಥೆಯಾಗಿದ್ದರೆ ಹುಡುಗ ಕುಣಿದಾಡುತ್ತಿದ್ದ. ಇವನಿಗೆ ಇರುಸುಮುರುಸಾಗುತ್ತದೆ. ಇಷ್ಟು ದಿನ ಒಂದು ಹಕ್ಕಿ ಬೇಕಾದರೆ ಆ ಹಕ್ಕಿಯ ಬಗ್ಗೆ ಎಲ್ಲಾ ತಿಳಿದಿರಬೇಕಿತ್ತು, ಕಾಡಿನ ಜೊತೆ ಸೇರಿಹೋಗಬೇಕಿತ್ತು. ರೈಫಲ್ ಇದ್ದರೆ ಅದ್ಯಾವುದೂ ಬೇಡ, ದೂರದಿಂದ ಹೊಡೆದರೆ ಆಯಿತು. ಅದನ್ನು ಮರಕ್ಕೆ ಒರಗಿಸಿ ಇಡುತ್ತಾನೆ. ಬೇಟೆಯ ಕಥೆಗಳನ್ನು ಕೇಳಿ ಬೆಳೆದ ಒಬ್ಬ ಹುಡುಗ ಈ ಪುಟ ಓದಿ, "ನಮ್ಮ ತಾತನೂ ಹೀಗೇ ಹೇಳ್ತಿದ್ರು ಸರ್, ಕೋವಿ ಬಂದ ಮೇಲೆ ಕಾಡು ನೋಡೋರು ಕಮ್ಮಿ ಆದ್ರು ಅಂತ" ಅಂದ. ಆ ತಾತನನ್ನು ನಾನು ಕಂಡಿಲ್ಲ. ಕಂಡಿದ್ದರೆ ಶಾಲೆಗೆ ಕರೆಸಿ ಮಾತಾಡಿಸುತ್ತಿದ್ದೆ.

ಕತ್ತಿ ಹಿಡಿದು ಕಾಡಿಗೆ ಹೊರಟರೆ? ನಿಮ್ಮ ಭಯ ಸರಿಯಾದದ್ದೇ. ತೋಟದ ಬದಿಯಲ್ಲಿ ಆನೆ ಕಂದಕ, ಸೋಲಾರ್ ಬೇಲಿ ಏನೇ ಇದ್ದರೂ ಆನೆ ಬರುವುದು ಬರುತ್ತದೆ. ಹಾಗಾಗಿ ಪುಸ್ತಕ ಕೊಡುವ ದಿನವೇ ಗಡಿ ಹಾಕಿ: ಮನೆಯ ಅಂಗಳ ಮತ್ತು ಕಣ ದಾಟಿ ಒಬ್ಬನೇ ಹೋಗುವಂತಿಲ್ಲ, ಬೆಳಿಗ್ಗೆ ಮಂಜು ಕರಗುವ ಮೊದಲು, ಸಂಜೆ ಕತ್ತಲಾದ ಮೇಲೆ ಯಾರ ಜೊತೆಯಲ್ಲೂ ಇಲ್ಲ. ಬ್ರಯನ್ ಕಾಡಿಗೆ ಬೇಕು ಅಂತ ಹೋದವನಲ್ಲ, ಹೊರಬರಲು ಆಗದೆ ಉಳಿದವನು, ಇದನ್ನೂ ಒಂದು ಸಲ ಹೇಳಿ. ಆದರೆ ಬರೀ ಬೇಡ ಅಂದರೆ ಸಾಲದು, ಬೇಡ ಅಂದದ್ದಕ್ಕೆ ಬದಲು ಏನಾದರೂ ಕೊಡಬೇಕು. ಹಂಡೆ ಒಲೆ ಅವನಿಗೆ ವಹಿಸಿ. ಸೀಮೆಎಣ್ಣೆ, ಪ್ಲಾಸ್ಟಿಕ್ ಬೇಡ ಅನ್ನಿ, ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹೊತ್ತಿಸು ಅನ್ನಿ. ಮಳೆಗಾಲದಲ್ಲಿ ಕಾಫಿ ಸೌದೆ ಹೊರಗಡೆ ಒದ್ದೆ ಇರುತ್ತದೆ, ಸೀಳಿದರೆ ಒಳಗೆ ಒಣಗಿರುತ್ತದೆ, ಅದನ್ನು ಅವನೇ ಕಂಡುಕೊಳ್ಳಲಿ. ಮೊದಮೊದಲು ಮನೆ ತುಂಬಾ ಹೊಗೆ ಮಾಡುತ್ತಾನೆ, ಸ್ನಾನಕ್ಕೆ ತಣ್ಣೀರೇ ಗತಿ. ಬೈಯಬೇಡಿ. ಸೌದೆ ಸೀಳುವುದನ್ನು ಅವನ ಅಪ್ಪನೋ ತಾತನೋ ಕಲಿಸಲಿ, ಕಾಲು ಎಲ್ಲಿಡಬೇಕು, ಕತ್ತಿ ಜಾರಿದರೆ ಎತ್ತ ಹೋಗುತ್ತದೆ ಅನ್ನುವುದರಿಂದ ಶುರು ಮಾಡಿ. ಇಷ್ಟು ಕೊಟ್ಟರೆ ಕಾಡಿಗೆ ಹೋಗುವ ಆಸೆ ಅರ್ಧ ಇಲ್ಲೇ ತೀರುತ್ತದೆ. ಇನ್ನರ್ಧಕ್ಕೆ ಭಾನುವಾರ ನೀವೇ ಕರೆದುಕೊಂಡು ಹೋಗಿ ತೋಟ ಸುತ್ತಿಸಿ.

ಪುಸ್ತಕದಲ್ಲಿ ದೋಷ ಇಲ್ಲ ಅಂತಲ್ಲ. ಅಮ್ಮನ ಪಾತ್ರ ಬರೀ ನೆರಳು, ಅವಳ ಕಡೆಯ ಮಾತು ಕೇಳಿಸುವುದೇ ಇಲ್ಲ, ನನಗೆ ಇದು ಅನ್ಯಾಯ ಅನಿಸುತ್ತದೆ. ಒಂದೇ ದಿನ ಮೂಸ್ ಎಂಬ ದೈತ್ಯ ಜಿಂಕೆ ಬಂದು ತುಳಿದು, ಅದೇ ದಿನ ಸುಂಟರಗಾಳಿಯೂ ಬಂದು, ಅದರಿಂದಲೇ ವಿಮಾನದ ಬಾಲ ಮೇಲೇಳುವುದು ಸ್ವಲ್ಪ ಜಾಸ್ತಿ ಅನುಕೂಲವಾಯಿತು. ಕೊನೆಯಂತೂ ಗಡಿಬಿಡಿ, ಎರಡು ಪುಟದಲ್ಲಿ ಎಲ್ಲ ಮುಗಿಯುತ್ತದೆ. ಇದನ್ನು ಆಗಿನ ಓದುಗರೂ ಬಿಡಲಿಲ್ಲ, ಚಳಿಗಾಲಕ್ಕೆ ಮೊದಲೇ ಬಚಾವಾದದ್ದು ಸುಲಭವಾಯಿತು ಅಂತ ಲೇಖಕನಿಗೆ ಪತ್ರದ ಮೇಲೆ ಪತ್ರ ಬರೆದರು. ಆ ಟ್ರಾನ್ಸ್‌ಮಿಟರ್‌ನಿಂದ ಯಾರೂ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅವನು 1996ರಲ್ಲಿ ಇನ್ನೊಂದು ಕಾದಂಬರಿಯನ್ನೇ ಬರೆದ, 'ಬ್ರಯನ್ಸ್ ವಿಂಟರ್'. ಮಕ್ಕಳ ತಕರಾರಿಗೆ ಒಬ್ಬ ಲೇಖಕ ಪುಸ್ತಕ ಬರೆದು ಉತ್ತರ ಕೊಟ್ಟದ್ದು ನನಗೆ ಈ ಇಡೀ ಕಥೆಯಲ್ಲಿ ತುಂಬಾ ಖುಷಿ ಕೊಟ್ಟ ವಿಷಯ. ಕೆಲಸದ ವಿವರದಲ್ಲಿ ಅದು ಮೊದಲನೇದಕ್ಕಿಂತ ಒಂದು ಕೈ ಮೇಲು. ಮಗ ಇದನ್ನು ಮುಗಿಸಿದರೆ ಮುಂದಿನ ಹುಟ್ಟುಹಬ್ಬಕ್ಕೆ ಅದನ್ನು ಕೊಡಿಸಿ.

ಇಂಗ್ಲಿಷ್ ಕಷ್ಟ ಆಗುತ್ತದಾ ಅಂತ ನೀವು ಕೇಳಿಲ್ಲ, ಆದರೆ ಪುಸ್ತಕದಿಂದ ಓಡುವ ಹುಡುಗರ ಅಸಲಿ ತೊಂದರೆ ಹಲವು ಸಲ ಅದೇ. ಇದರ ವಾಕ್ಯಗಳು ತುಂಡು ತುಂಡು, ಕೆಲವು ಕಡೆ ಒಂದೇ ಪದ. ಮುಖ್ಯವಾದ ಪದಗಳು ಮತ್ತೆ ಮತ್ತೆ ಬರುತ್ತವೆ. ವಿಮರ್ಶಕರಿಗೆ ಈ ಪುನರಾವರ್ತನೆ ಇಷ್ಟವಿಲ್ಲ, ತಡವರಿಸಿ ಓದುವ ಮಗುವಿಗೆ ಅದೇ ಊರುಗೋಲು. ಆದರೂ ಮೊದಲ ಮೂರು ಅಧ್ಯಾಯ, ಅಂದರೆ ವಿಮಾನ ಬೀಳುವವರೆಗೆ, ನೀವು ಓದಿ ಹೇಳಿ. ಕನ್ನಡದಲ್ಲೇ ಹೇಳುತ್ತಾ ಹೋದರೂ ನಡೆಯುತ್ತದೆ, ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಹೇಳಿದರೂ ಆಯಿತು, ಮನೆಯಲ್ಲಿ ಯಾವ ಮಾತೋ ಅದು. ಹುಡುಗ ನೀರಿನಿಂದ ದಡಕ್ಕೆ ಬಂದು ಬಿದ್ದ ಜಾಗದಲ್ಲಿ ನಿಲ್ಲಿಸಿ, "ಒ‌ಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಎದ್ದು ಹೋಗಿ.

ಹಾಗಾಗಿ ಹೌದು, ಮೊದಲು ನೀವು ಓದಿ. ಚಿಕ್ಕ ಪುಸ್ತಕ, ಎರಡು ಮಧ್ಯಾಹ್ನ ಸಾಕು. ಓದುವಾಗ ಮಗನ ಕಣ್ಣಿಗೆ ಬೀಳುವ ಹಾಗೆ ಕೂತು ಓದಿ. ಏನಮ್ಮಾ ಅದು, ಮುಂದೇನಾಯ್ತು ಅಂತ ಅವನು ಕೇಳಿದರೆ ಹೇಳಬೇಡಿ.